ಸೂರ್ಯನ ಪಕ್ಕದಲ್ಲೇ ಕಾಮನಬಿಲ್ಲಂತೆ!

ಬೆಳಗ್ಗೆ ಎದ್ದು ಫೋನ್ ನೋಡಿದರೆ ಗ್ರೂಪಿನಲ್ಲಿ ಒಂದು ಚಿತ್ರ. ಬೆಟ್ಟದ ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ, ಅವನ ಪಕ್ಕದಲ್ಲೇ ಠಾಕುಠೀಕಾಗಿ ಒಂದು ಕಾಮನಬಿಲ್ಲು. ಕೆಳಗೆ ದಪ್ಪ ಅಕ್ಷರದಲ್ಲಿ, 'ಪ್ರಕೃತಿ ಕೊಟ್ಟ ಪ್ರತಿ ಕ್ಷಣಕ್ಕೂ ಕೃತಜ್ಞರಾಗಿರಿ'. ಅದರ ಕೆಳಗೆ ಕೈಮುಗಿದ ಎಮೋಜಿಗಳ ಮೆರವಣಿಗೆ.

ಅಲ್ಲ ಸ್ವಾಮಿ, ಸೂರ್ಯ ಬೆನ್ನ ಹಿಂದೆ ಇದ್ದರೆ ತಾನೇ ಕಾಮನಬಿಲ್ಲು ಕಣ್ಣ ಮುಂದೆ ಕಾಣುವುದು? ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಆಚೆ ಅದು ಬಾಗಿ ನಿಲ್ಲುತ್ತದೆ. ಜೀವನದಲ್ಲಿ ಒಂದು ಸಲ ನೆಟ್ಟಗೆ ನೋಡಿದವರಿಗೂ ಈ ಚಿತ್ರ ಸುಳ್ಳು ಅಂತ ಗೊತ್ತಾಗಬೇಕು. ಅಷ್ಟು ಜನ ಕೈಮುಗಿದರಲ್ಲ, ಒಬ್ಬರಿಗೂ ಅನುಮಾನ ಬರಲಿಲ್ಲ.

ನನ್ನ ಸಿಟ್ಟು ಚಿತ್ರದ ಮೇಲಲ್ಲ. ನೋಡದೆಯೇ ಥ್ಯಾಂಕ್ಸ್ ಹೇಳುವ ಈ ಅಭ್ಯಾಸದ ಮೇಲೆ. ನಿಜವಾದ ಕಾಮನಬಿಲ್ಲು ಬಂದಾಗ ನಿಂತು ನೋಡಿ, ಎಷ್ಟೋ ಸಲ ಅದರ ಮೇಲೆ ಮಸುಕಾಗಿ ಇನ್ನೊಂದು ಇರುತ್ತದೆ, ಅದರಲ್ಲಿ ಬಣ್ಣಗಳು ಉಲ್ಟಾ, ಎರಡರ ನಡುವಿನ ಆಕಾಶ ಸುತ್ತಲಿಗಿಂತ ಕಪ್ಪು. ಇನ್ನೂ ಮಜಾ ಅಂದರೆ, ಪಕ್ಕದಲ್ಲಿ ನಿಂತವರಿಗೆ ಕಾಣುವುದು ಬೇರೆ ಹನಿಗಳಿಂದ ಬಂದ ಬೆಳಕು. ಅಂದರೆ ನಿಮ್ಮ ಬಿಲ್ಲು ನಿಮಗೆ ಮಾತ್ರ. ಇಷ್ಟು ಕಂಡ ಮೇಲೂ ಕೃತಜ್ಞತೆಯನ್ನು ಯಾರಾದರೂ ನೆನಪಿಸಬೇಕಾ?

'ಯಾರೋ ಒಳ್ಳೆ ಮನಸ್ಸಿನಿಂದ ಕಳಿಸಿದ್ದಾರೆ, ಅದನ್ನು ನೋಡಿಯಾದರೂ ನಾಲ್ಕು ಜನ ತಲೆ ಎತ್ತಲಿ ಬಿಡಿ' ಅನ್ನಬಹುದು. ಎತ್ತಿದರೆ ಸಂತೋಷವೇ. ಆದರೆ ಎಲ್ಲರೂ ತಲೆ ತಗ್ಗಿಸಿ ಎಮೋಜಿ ಹುಡುಕುತ್ತಿದ್ದರಲ್ಲ!

ನಿಜ ಹೇಳುತ್ತೇನೆ, ಕೃತಜ್ಞತೆಯ ವಿಷಯದಲ್ಲಿ ನಾನು ಜಿಪುಣ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ 'ಇರುವುದಕ್ಕೆ ಥ್ಯಾಂಕ್ಸ್ ಹೇಳು, ಮನಸ್ಸು ಹಗುರಾಗುತ್ತದೆ' ಅಂದವರ ಮೇಲೆ ಉರಿದುಬಿದ್ದಿದ್ದೇನೆ. ಆದರೆ ಆ ಕಿಟಕಿಯ ಆಚೆ ಒಂದು ಮರ ಇತ್ತು. ಬೇರೆ ಕೆಲಸ ಇಲ್ಲದೆ ಸುಮ್ನೆ ನೋಡುತ್ತಾ ಕೂತೆ. ಕಾಂಡದ ಮೇಲೆ ಇರುವೆಗಳ ಸಾಲು, ಎದುರುಬದುರಾದಾಗ ಪ್ರತಿಯೊಂದೂ ಮೀಸೆ ತಾಗಿಸಿ ಮುಂದೆ ಹೋಗುತ್ತಿತ್ತು. ಯಾಕೋ ಉಸಿರಾಟ ಸ್ವಲ್ಪ ಸಲೀಸಾಯಿತು. ಆಮೇಲೆ ತಿಳಿಯಿತು, ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಅವರಿಗೆ ಯಾರೂ ಉಪದೇಶ ಮಾಡಿರಲಿಲ್ಲ. ಕಿಟಕಿ ಇತ್ತು, ಮರ ಇತ್ತು.

ಇನ್ನು 'ಪ್ರಕೃತಿ ಕೊಟ್ಟ' ಅನ್ನುವ ಮಾತು. ನಮಗೆ ಅಂತ ಯಾರು ಕೊಟ್ಟರು? ಮೊದಲ ಮಳೆಯ ಮಣ್ಣಿನ ವಾಸನೆಯನ್ನೇ ತಗೊಳ್ಳಿ. ಅದರ ಮುಖ್ಯ ಅಂಶ ಜಿಯೋಸ್ಮಿನ್, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಮಾಡುವಂಥದ್ದು. ಆ ವಾಸನೆಗೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ಹುಡುಕಿಕೊಂಡು ಬರುತ್ತವೆ, ಆ ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಮೈಗೆ ಅಂಟಿದ ಅದರ ಬೀಜಕಗಳನ್ನು ಹೊತ್ತುಕೊಂಡು ಬೇರೆ ಕಡೆ ಹಂಚುತ್ತವೆ. ಇದು ಅವರಿಬ್ಬರ ವ್ಯವಹಾರ. ನಾವು ಯಾರದೋ ಕಾಗದವನ್ನು ಕದ್ದು ಓದಿದ ಹಾಗೆ ಮೂಗು ಅರಳಿಸಿಕೊಂಡು ನಿಲ್ಲುತ್ತೇವೆ, ಅಷ್ಟೇ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಅದು ಸಿಗುತ್ತದೆ! ನಮಗಾಗಿ ಅಲ್ಲದ್ದು ನಮಗೂ ಸಿಕ್ಕಿತಲ್ಲ, ನನಗೆ ಅಚ್ಚರಿ ಅದೇ.

'ಹೀಗೆ ಬಿಡಿಸಿ ಬಿಡಿಸಿ ನೋಡಿದರೆ ಸೊಗಸೇ ಹೋಗುತ್ತದೆ' ಅಂತ ರಾಗ ಎಳೆಯುವವರೂ ಇದ್ದಾರೆ. ಯಾರ ಸೊಗಸು ಹೋಯಿತೋ ಗೊತ್ತಿಲ್ಲ. ಹನಿ ಬಿದ್ದಾಗ ಸಣ್ಣ ಸಣ್ಣ ಗುಳ್ಳೆಗಳು ಒಡೆದು ಆ ವಾಸನೆಯನ್ನು ಗಾಳಿಗೆ ಚಿಮ್ಮಿಸುತ್ತವೆ ಅಂತ ಓದಿದ ಮೇಲೆ, ನಾನಂತೂ ಮಳೆ ಶುರುವಾದರೆ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ.