ಅಂಗೈಯಲ್ಲಿ ಅಂಗಡಿ, ಕೊತ್ತಂಬರಿಗೆ ಪರದಾಟ

ಕಳೆದ ಭಾನುವಾರ ಪತ್ರಿಕೆಯ ಮುಖಪುಟವನ್ನೇ ನುಂಗಿ ಕುಳಿತಿದ್ದ ಜಾಹೀರಾತು ಸರ್ಜಾಪುರ ರಸ್ತೆಯಾಚೆ ಏಳಲಿರುವ ಇನ್ನೊಂದು ವಸತಿ ಸಮುಚ್ಚಯದ್ದು. ಅಲ್ಲಿಂದ ಯಾವ ಯಾವ ಸುಖ ಎಷ್ಟೆಷ್ಟು ನಿಮಿಷ ದೂರ ಎಂಬುದನ್ನು ವಿವರವಾಗಿ ಅಚ್ಚು ಹಾಕಿಸಿದ್ದರು. ಟೆಕ್‌ಪಾರ್ಕ್ ಇತ್ತು, ಅಂತರರಾಷ್ಟ್ರೀಯ ಶಾಲೆ ಇತ್ತು, ಹೃದ್ರೋಗದ ಆಸ್ಪತ್ರೆ ಇತ್ತು. ಮೆಟ್ರೋ ನಿಲ್ದಾಣವೂ ಇತ್ತು, ಅದರ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಉದ್ದೇಶಿತ’ ಎಂಬ ಪದವಿತ್ತು. ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಓದಿದರೂ ಮಧ್ಯಾಹ್ನದ ಸಾರಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದು ಮಾತ್ರ ಕಾಣಲಿಲ್ಲ. ಒಗ್ಗರಣೆ ಹಾಕುವಾಗ ಎದೆನೋವು ಬಂದರೆ ಹನ್ನೆರಡು ನಿಮಿಷದಲ್ಲಿ ಆಸ್ಪತ್ರೆಯ ಮೇಜಿನ ಮೇಲೆ ಮಲಗಬಹುದು. ಒಗ್ಗರಣೆಗೆ ಕರಿಬೇವು ಬೇಕೆಂದರೆ ನಿಮ್ಮ ಹಣೆಬರಹ.

ಇದನ್ನು ಕಂಡು ನಗುವ ಹಕ್ಕು ನನಗಿಲ್ಲ, ಏಕೆಂದರೆ ಎರಡು ವರ್ಷಗಳ ಹಿಂದೆ ಇಂಥದೇ ಜಾಹೀರಾತನ್ನು ನಂಬಿ, ಎಪ್ಪತ್ತಾರು ವರ್ಷದ ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಮನೆ ನೋಡಲು ಹೋದವನು ನಾನು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡೀ ಸಮುಚ್ಚಯದ ಪುಟ್ಟ ಪ್ರತಿಕೃತಿಯನ್ನು ಇಟ್ಟಿದ್ದರು. ನೀಲಿ ಬಣ್ಣದ ಈಜುಕೊಳ, ಸ್ಪಂಜಿನ ಮರಗಳು, ಹೆಬ್ಬೆರಳಿನ ಉಗುರಿನಷ್ಟಿದ್ದ ಜನ. ಆ ಜನರಲ್ಲಿ ಕೆಲವರು ಓಡುತ್ತಿದ್ದರು, ಒಬ್ಬ ನಾಯಿ ಹಿಡಿದು ನಿಂತಿದ್ದ, ಒಬ್ಬಳು ಯೋಗಾಸನ ಹಾಕಿದ್ದಳು. ಕೈಚೀಲ ಹಿಡಿದವರು ಒಬ್ಬರೂ ಇರಲಿಲ್ಲ. ಕೋಟು ತೊಟ್ಟ ಹುಡುಗ ಕ್ಲಬ್‌ಹೌಸಿನ ವೈಭವವನ್ನು ಬಣ್ಣಿಸಿ ಮುಗಿಸಿದ ಮೇಲೆ ಅಮ್ಮ ಕೇಳಿದರು: “ಅಂಗಡಿ ಎಲ್ಲಪ್ಪಾ?” ಅವನು ಮರುಕದಿಂದ ನಕ್ಕು, ತನ್ನ ಫೋನನ್ನು ಅವರ ಮುಖದ ಹತ್ತಿರ ಹಿಡಿದು, “ಇಲ್ಲೇ ಇದೆಯಲ್ಲಾ ಅಮ್ಮ” ಎಂದ. ನಾನೂ ನಕ್ಕೆ. ಅಡ್ವಾನ್ಸನ್ನೂ ಕೊಟ್ಟೆ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಅಂಗಡಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಗೇಟಿನಿಂದ ಆರುನೂರು ಹೆಜ್ಜೆ ನಡೆದರೆ ತಗಡಿನ ಛಾವಣಿಯ, ಅರ್ಧ ಇಳಿಬಿಟ್ಟ ಶಟರಿನ ದೊಡ್ಡದೊಂದು ಕಟ್ಟಡವಿದೆ. ಅದನ್ನು ಡಾರ್ಕ್ ಸ್ಟೋರ್ ಎನ್ನುತ್ತಾರಂತೆ. ಒಂದು ಬೆಳಿಗ್ಗೆ ಅಮ್ಮ ಯಾರಿಗೂ ಹೇಳದೆ ಚೀಲ ಹಿಡಿದು ಅಲ್ಲಿಗೆ ಹೋದರು. ಕಲ್ಲುಚಪ್ಪಡಿ ಕಿತ್ತ ಚರಂಡಿಯನ್ನು ದಾಟಿ, ಟ್ಯಾಂಕರ್‌ಗಳಿಗೆ ದಾರಿ ಬಿಟ್ಟು, ಶಟರಿನ ಕೆಳಗೆ ಬಗ್ಗಿ ನೋಡಿದರೆ ಒಳಗೆ ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಎಲ್ಲವೂ ಸಾಲಾಗಿ ಕುಳಿತಿದ್ದವು. “ಒಂದು ಕಟ್ಟು ಕೊಡಪ್ಪಾ” ಎಂದು ಹತ್ತು ರೂಪಾಯಿಯ ನೋಟು ಚಾಚಿದರೆ ಕಾವಲಿನವನು, “ಇಲ್ಲಿ ಕೊಡೋ ಹಾಗಿಲ್ಲ ಅಮ್ಮ, ಮನೆಗೆ ಹೋಗಿ ಆರ್ಡರ್ ಮಾಡಿ” ಎಂದನಂತೆ. ಅವರು ಮನೆಗೆ ಬಂದರು, ನಾನು ಆರ್ಡರ್ ಮಾಡಿದೆ, ಅದೇ ಶಟರಿನ ಕೆಳಗಿಂದ ಹೊರಟ ಹುಡುಗ ಒಂಬತ್ತು ನಿಮಿಷದಲ್ಲಿ ಅದೇ ಸೊಪ್ಪನ್ನು ತಂದುಕೊಟ್ಟ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರನ್ನು ಹಿಂದಿನವರು ದಡ್ಡರೆಂದರು. ಈಗ ಆ ಅಲೆದಾಟಕ್ಕೆ ಬಂಡವಾಳ ಹೂಡುವವರಿದ್ದಾರೆ.

ಬಿಲ್ಲನ್ನು ಓದಿ ಹೇಳಿದಾಗ ಅಮ್ಮನಿಗೆ ಅರ್ಥವಾಗದೆ ಉಳಿದದ್ದು ಬೇರೆಯದೇ. ಸೊಪ್ಪಿನ ಬೆಲೆಯ ಕೆಳಗೆ ಹ್ಯಾಂಡ್ಲಿಂಗ್ ಶುಲ್ಕ, ಅದರ ಕೆಳಗೆ ಖರೀದಿ ಚಿಕ್ಕದಾಯಿತೆಂದು ಒಂದು ಶುಲ್ಕ, ಹೊರಗೆ ಹನಿಯುತ್ತಿದ್ದುದರಿಂದ ಮಳೆಯ ಶುಲ್ಕ. ಅವರು ವ್ಯಾಪಾರ ಕಲಿತದ್ದು ಹನುಮಂತನಗರದ ಶೆಟ್ಟರ ಅಂಗಡಿಯಲ್ಲಿ. ಅಲ್ಲಿ ಕೊತ್ತಂಬರಿ ಕೊಂಡವರಿಗೆ ಕರಿಬೇವಿನ ಎರಡು ಎಸಳು, ಮೆಣಸಿನಕಾಯಿ ಕೊಂಡವರಿಗೆ ಬೆರಳುದ್ದದ ಶುಂಠಿ ಕೊಸರಾಗಿ ಬರುತ್ತಿತ್ತು. ಕೊಸರು ಕೇಳುವುದು ಭಿಕ್ಷೆಯೆಂದು ಯಾರೂ ತಿಳಿದಿರಲಿಲ್ಲ, ಕೇಳದೆ ಹೊರಟರೆ ಶೆಟ್ಟರೇ “ಯಾಕಮ್ಮಾ, ಕೋಪವಾ?” ಎಂದು ಕೂಗಿ ಕರೆಯುತ್ತಿದ್ದರು. ತಿಂಗಳ ಕೊನೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವನ್ನು ತೆರೆದು, ನಾಲಿಗೆಗೆ ಬೆರಳು ಮುಟ್ಟಿಸಿ ಹಾಳೆ ತಿರುವಿ, ಚಿಲ್ಲರೆಯನ್ನು ಬಿಟ್ಟು ಮೊತ್ತ ಹೇಳುತ್ತಿದ್ದರು. ನಾಗರಿಕತೆ ಈಗ ಎಷ್ಟು ಮುಂದುವರಿದಿದೆಯೆಂದರೆ ಗಿರಾಕಿಯೇ ಅಂಗಡಿಗೆ ಕೊಸರು ಕೊಡುತ್ತಿದ್ದಾನೆ.

ಊರನ್ನು ಕಟ್ಟುವವರ ದೂರದೃಷ್ಟಿಯನ್ನು ಇಲ್ಲಿ ಹೊಗಳದಿದ್ದರೆ ಅಪಚಾರವಾದೀತು. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಹೋಗಿ ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂದಿಗೂ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಹೂವು, ಹಣ್ಣು, ತರಕಾರಿ ಸಿಗುತ್ತವೆ. ಆಗಿನವರಿಗೆ ಕಂಪ್ಯೂಟರ್ ಇರಲಿಲ್ಲ, ಪಾಪ. ಈಗ ನಮ್ಮಲ್ಲಿ ಎಲ್ಲವೂ ಇದೆ. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನದೆಂದು ಹೆಸರಿನಲ್ಲೇ ಹೇಳಿಕೊಂಡ ಬೆಂಗಳೂರಿನ ಮಹಾಯೋಜನೆಯನ್ನೇ ಅದರ ಆಯುಷ್ಯ ಮುಗಿದು ಇಷ್ಟು ವರ್ಷವಾದರೂ ಜಗ್ಗಿಕೊಂಡು ಬಂದಿದ್ದೇವೆ. 2031ರ ಕರಡು ಬಂದು, ಮುಖ ತೋರಿಸಿ, ಹಿಂದೆ ಹೋಯಿತು. ಒಂದಿದ್ದ ಮಹಾನಗರ ಪಾಲಿಕೆಯನ್ನು 2025ರ ಸೆಪ್ಟೆಂಬರಿನಲ್ಲಿ ಐದು ಮಾಡಿದ್ದಾಯಿತು. ಈ ಐದರಲ್ಲಿ ಯಾವುದು ನಮ್ಮದು ಎಂದು ತಿಳಿದುಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಹುಟ್ಟಿ, ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್‌ನ ಒಂದು ಪುಟ್ಟ ಮಳಿಗೆಯನ್ನು ನಮ್ಮ ಗೇಟಿನ ಬಳಿ ತಂದಿಡಲು ಐದರಲ್ಲಿ ಯಾರನ್ನು ಕೇಳಬೇಕು ಎಂಬುದು ಇನ್ನೂ ತಿಳಿದಿಲ್ಲ.

ಅಂಗಡಿಯಿಡುವ ಧೈರ್ಯವಾದರೂ ಯಾರಿಗಿದೆ? 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸು ಕಳಿಸಿದ್ದು ನೆನಪಿರಬೇಕಲ್ಲ. ಸೊಪ್ಪು ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ನೋಟಿಸು ಹೋದ ಮೇಲೆ ಎಲ್ಲರಿಗೂ ನೆನಪಾಯಿತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಅಷ್ಟರಲ್ಲಿ ಊರಿನ ಅರ್ಧ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಚೀಟಿ ಇಳಿದು, ‘ನಗದು ಮಾತ್ರ’ ಎಂಬ ರಟ್ಟು ಏರಿತ್ತು. ನಮ್ಮ ಹಿಂದಿನ ರಸ್ತೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಕೋಲಾರದ ಹೆಂಗಸು ಆ ತಿಂಗಳಲ್ಲೇ ಬರುವುದನ್ನು ಬಿಟ್ಟರು. ಕಾರಣ ನೋಟಿಸೋ, ಗಾಡಿ ನಿಲ್ಲಿಸಬೇಡವೆಂದ ನಮ್ಮ ಸಂಘದ ಪತ್ರವೋ, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

2026ರ ಜನವರಿಯಲ್ಲಿ ಕೇಂದ್ರದ ಕಾರ್ಮಿಕ ಸಚಿವರು ಹೀಗೆ ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿಗಳನ್ನು ಕರೆಸಿ, ‘ಹತ್ತು ನಿಮಿಷ’ ಎಂಬ ಘೋಷಣೆಯನ್ನು ಕೈಬಿಡಿ ಎಂದರು. ಘೋಷಣೆ ಹೋಯಿತು. ನಮ್ಮ ಮನೆಗೆ ಬರುವ ಹುಡುಗ ಮಾತ್ರ ಇನ್ನೂ ಓಡುತ್ತಲೇ ಇದ್ದಾನೆ. ಅವನಿಗೆ ನಮ್ಮ ಮುಖ್ಯ ಲಿಫ್ಟಿನಲ್ಲಿ ಪ್ರವೇಶವಿಲ್ಲ. ಸರ್ವಿಸ್ ಲಿಫ್ಟು ಕೆಟ್ಟ ದಿನ ಒಂಬತ್ತು ಮಹಡಿ ಹತ್ತಿ, ಬಾಗಿಲ ಚೌಕಟ್ಟಿಗೆ ಒಂದು ಕೈ ಆನಿಸಿ, ಇನ್ನೊಂದು ಕೈಯಲ್ಲಿ ಇಪ್ಪತ್ತು ರೂಪಾಯಿಯ ಸೊಪ್ಪನ್ನು ಚಾಚಿ, ಏದುಸಿರಿನಲ್ಲೇ ಓಟಿಪಿ ಕೇಳುತ್ತಾನೆ. ಅಮ್ಮ ನೀರು ತರುವಷ್ಟರಲ್ಲಿ ಇಳಿದು ಹೋಗಿರುತ್ತಾನೆ. ವಿಡಂಬನೆ ಇಲ್ಲಿ ನನಗೆ ಬೇಸರ ತರಿಸುತ್ತದೆ. ಮುದುಕಿಯೊಬ್ಬಳು ಕಾಲ್ನಡಿಗೆಯಲ್ಲಿ ಹೋಗಿ ಸೊಪ್ಪು ತರಲಾಗದಂಥ ಬಡಾವಣೆಗೆ ಸರ್ಕಾರ ಅನುಮತಿ ಕೊಟ್ಟಿತು, ಬಿಲ್ಡರ್ ಕಟ್ಟಿದ, ನಾನು ಸಾಲ ಮಾಡಿ ಕೊಂಡೆ. ಮೂವರೂ ಸೇರಿ ಮಾಡಿದ ಈ ತಪ್ಪಿನ ದಂಡವನ್ನು ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತನ್ನ ಮೊಣಕಾಲಿನಿಂದ ಕಟ್ಟುತ್ತಿದ್ದಾನೆ. ಕಾಲುದಾರಿಯೊಂದನ್ನು ಹಾಕಿ, ಚರಂಡಿಗೆ ಚಪ್ಪಡಿ ಮುಚ್ಚಿ, ಗೇಟಿನ ಪಕ್ಕದಲ್ಲಿ ಹತ್ತಡಿ ಜಾಗವನ್ನು ಒಂದು ಅಂಗಡಿಗೆ ಬಿಟ್ಟಿದ್ದರೆ ಇದರಲ್ಲಿ ಯಾವುದೂ ಬೇಕಿರಲಿಲ್ಲ.

ಅಮ್ಮ ಕೊನೆಗೆ ನನ್ನ ಮೇಲಿನ ಭರವಸೆ ಬಿಟ್ಟು, ಅಡುಗೆಮನೆಯ ಧನಿಯಾವನ್ನು ಚಪ್ಪಲಿಯ ಅಡಿಯಲ್ಲಿ ಹಗುರಾಗಿ ಉಜ್ಜಿ ಎರಡು ಹೋಳು ಮಾಡಿ, ಹಳೆಯ ಬಣ್ಣದ ಡಬ್ಬಿಯಲ್ಲಿ ಮಣ್ಣು ತುಂಬಿ ಬಿತ್ತಿ, ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟರು. ಹನ್ನೆರಡನೆಯ ದಿನಕ್ಕೆ ಮೊಳಕೆ ಕಾಣಿಸಿತು. ಹದಿನಾಲ್ಕನೆಯ ದಿನ ನಿವಾಸಿಗಳ ಸಂಘದಿಂದ ಸೂಚನೆ ಬಂತು: ಬಾಲ್ಕನಿಯ ಕಟ್ಟೆಯ ಮೇಲೆ ಡಬ್ಬಿ, ಕುಂಡ ಇತ್ಯಾದಿಗಳನ್ನು ಇಡುವುದರಿಂದ ಕಟ್ಟಡದ ಅಂದಕ್ಕೆ ಧಕ್ಕೆಯಾಗುತ್ತಿದ್ದು, ಏಳು ದಿನಗಳೊಳಗೆ ತೆರವುಗೊಳಿಸದಿದ್ದಲ್ಲಿ ಐನೂರು ರೂಪಾಯಿ ದಂಡ ವಿಧಿಸಲಾಗುವುದು. ಅಮ್ಮ ದಿನ ಎಣಿಸುತ್ತಿದ್ದಾರೆ. ಏಳು ದಿನದಲ್ಲಿ ಒಂದು ಸಾರಿಗಾಗುವಷ್ಟು ಎಲೆ ಬಂದೀತು ಎನ್ನುತ್ತಾರೆ.