ಬಾದಾಮಿಗೆ ಹೋಗಿ ಬಾದಾಮಿ ತಿಂದವರು

ಬಾಗಲಕೋಟೆಯ ನಮ್ಮ ನವನಗರದಲ್ಲಿ ಈಗ ಯಾರ ಮನೆಗೂ ಸುಮ್ನೆ ಊಟಕ್ಕೆ ಹೋಗುವಂತಿಲ್ಲ. ಮೊದಲು ಜಾತಿ ಕೇಳುತ್ತಿದ್ದರು, ಈಗ ಡಯಟ್ ಕೇಳುತ್ತಾರೆ.

ನಮ್ಮ ಮನೆಯಲ್ಲೇ ಮೂರು ಪಂಥಗಳಿವೆ. ಭಾವ ಕೀಟೋ, ಅಂದರೆ ಹಿಟ್ಟು-ಸಕ್ಕರೆ ಬಿಟ್ಟು ಕೊಬ್ಬನ್ನೇ ನಂಬಿದವರು. ರೊಟ್ಟಿ ಕಂಡರೆ ಹಾವು ಕಂಡಂತೆ ಹಾರುತ್ತಾರೆ, ತುಪ್ಪ ಮಾತ್ರ ಚಮಚದಲ್ಲೇ ಕುಡಿಯುತ್ತಾರೆ. ಮಗಳು ವೀಗನ್, ಹಾಲು-ಮೊಸರನ್ನೂ ಮುಟ್ಟುವುದಿಲ್ಲ. ಅವಳ ಚಹಾಕ್ಕೆ ಬಾದಾಮಿ ಹಾಲೇ ಆಗಬೇಕು. ಪೊಟ್ಟಣದ ಹಿಂದೆ ಓದಿದೆ, ಬಹುಪಾಲು ನೀರು. ನಮ್ಮ ಗೌಳಿ ಇಷ್ಟು ನೀರು ಹಾಕಿದ್ದರೆ ಓಣಿಯವರೆಲ್ಲ ಜಗಳಕ್ಕೆ ನಿಲ್ಲುತ್ತಿದ್ದರು. ತಮ್ಮ ಪೇಲಿಯೋ. ಶಿಲಾಯುಗದ ಪೂರ್ವಜರು ತಿಂದದ್ದಷ್ಟೇ ಊಟವಂತೆ. ಬೇಸಾಯ ಬಂದ ಮೇಲೆ ತಟ್ಟೆಗೆ ಬಂದ ಜೋಳ, ಗೋಧಿ, ಕಾಳು ಎಲ್ಲಾ ಹಾಳು. ಬೇಸಾಯ ಮಾಡಿಯೇ ಅವನನ್ನು ಓದಿಸಿದ ಅಪ್ಪ ಇದನ್ನು ಕೇಳಿ ಎದ್ದು ಹೊರಗೆ ಹೋದರು.

ಒಬ್ಬರ ತಟ್ಟೆ ಇನ್ನೊಬ್ಬರಿಗೆ ಆಗದು. ಆದರೆ ಮೂವರೂ ಕೈ ಮುಗಿಯುವ ದೇವರು ಒಂದೇ, ಬಾದಾಮಿ. 28 ಗ್ರಾಂ, ಅಂದರೆ ಹೆಚ್ಚುಕಡಿಮೆ 23 ಬೀಜ. ಅದರಲ್ಲಿ ಭಾವನಿಗೆ 14 ಗ್ರಾಂ ಕೊಬ್ಬು ಕಾಣುತ್ತದೆ, ಮಗಳಿಗೆ 6 ಗ್ರಾಂ ಪ್ರೋಟೀನ್, ತಮ್ಮನಿಗೆ ಪೂರ್ವಜರು. ಸುಮಾರು 160 ಕ್ಯಾಲರಿ ಮಾತ್ರ ಯಾರಿಗೂ ಕಾಣುವುದಿಲ್ಲ. ಟಿವಿ ಮುಂದೆ ಮುಷ್ಟಿಯ ಮೇಲೆ ಮುಷ್ಟಿ!

ನನಗೆ ಹೊಟ್ಟೆ ಉರಿಯುವುದು ಶೇಂಗಾದ ಪಾಡು ನೋಡಿ. 100 ಗ್ರಾಂಗೆ 25 ಗ್ರಾಂನಷ್ಟು ಪ್ರೋಟೀನ್, ಬಾದಾಮಿಗಿಂತ ಜಾಸ್ತಿಯೇ. ಆದರೂ ಪೇಲಿಯೋದವರ ಪಂಕ್ತಿಯಲ್ಲಿ ಅದಕ್ಕೆ ಎಲೆ ಇಲ್ಲ. ಕಾಳಿನ ಕುಲದ್ದಂತೆ. ಹಾಗೆ ನೋಡಿದರೆ ಬಾದಾಮಿಯೂ ಪೀಚ್ ಹಣ್ಣಿನ ದಾಯಾದಿ, ಓಟೆಯೊಳಗಿನ ಬೀಜ. ಆದರೆ ಜಗತ್ತಿನ ಬಾದಾಮಿಯ ಮುಕ್ಕಾಲು ಪಾಲು ಬರುವುದು ಕ್ಯಾಲಿಫೋರ್ನಿಯಾದಿಂದ. ಅಮೆರಿಕದ ಅಳಿಯನ ಕುಲ ಯಾರು ಕೇಳುತ್ತಾರೆ, ಅಲ್ವಾ?

ಹೋದ ಭಾನುವಾರ ಎಲ್ಲರೂ ಬಾದಾಮಿಗೆ ಹೋದೆವು. ಅಂದರೆ ಊರಿಗೆ. ಅಗಸ್ತ್ಯರು ವಾತಾಪಿಯನ್ನು ತಿಂದು ಅರಗಿಸಿಕೊಂಡರು ಎನ್ನುವ ಊರು. ಅವರು ಊಟಕ್ಕೆ ಮೊದಲು ಕ್ಯಾಲರಿ ಎಣಿಸಿದ್ದನ್ನು ಯಾರೂ ಹೇಳಿಲ್ಲ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತ ಅಜ್ಜಿ ಬಂದು ಎದುರಿಗೆ ಕೂತಳು. ಬಿಳಿ ಬಟ್ಟೆ ಸರಿಸಿದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕಾಳಿನ ಪಲ್ಯ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು.

ಭಾವ ರೊಟ್ಟಿ ಬೇಡ ಎಂದರು. ಮಗಳು ಮೊಸರು ಬೇಡ ಎಂದಳು, ರೊಟ್ಟಿಗೆ ಬೆಣ್ಣೆ ತಾಗಿದೆಯೋ ಎಂದು ಅದನ್ನೂ ಬಿಟ್ಟಳು. ತಮ್ಮ ಇಡೀ ಬುಟ್ಟಿಯನ್ನೇ ಬೇಡ ಎಂದ. ಮೂವರೂ ಚೀಲದಿಂದ ಡಬ್ಬಿ ತೆಗೆದು ಎಣಿಸತೊಡಗಿದರು.

"ಏಕಾದಶಿ ಐತೇನ್ರಿ ಇವತ್ತ?"

"ಇಲ್ಲಬೇ, ಆರೋಗ್ಯದ ಸಲುವಾಗಿ."

"ಅಯ್ಯ ಪಾಪ! ಮೂರೂ ಮಂದಿಗೆ ಆರಾಮಿಲ್ಲೇನು? ಯಾ ಡಾಕ್ಟರ್ ಕಡೆ ತೋರಿಸೀರಿ?"

ನಾನು ಎರಡು ರೊಟ್ಟಿ ತಗೊಂಡು, ಮುರಿದು, ಹಿಂಡಿ ಹಚ್ಚಿಕೊಳ್ಳುವಷ್ಟರಲ್ಲಿ ಗೋಡೆಯಿಂದ ಒಂದು ಮಂಗ ಜಿಗಿಯಿತು. ತಮ್ಮನ ಡಬ್ಬಿ ತೆರೆದೇ ಇತ್ತು. ಅದನ್ನು ದಾಟಿ ಬಂದು ನನ್ನ ಕೈಯ ರೊಟ್ಟಿಯನ್ನೇ ಕಸಿದುಕೊಂಡು ಹೋಯಿತು. ಗೋಡೆಯ ಮೇಲೆ ಕೂತು, ಮೊದಲು ಹಿಂಡಿ ನೆಕ್ಕಿ, ಆಮೇಲೆ ಕಟಕಟ ತಿಂದಿತು.

"ನೋಡೋ, ನಿನ್ನ ಪೂರ್ವಜರು" ಎಂದೆ.

ತಮ್ಮ ಡಬ್ಬಿ ಮುಚ್ಚಿದ.