ಸೆಸಿಲ್ ಫಾತಿಮಾನ್ ಮತ್ತು ಬ್ವಾ ಕೈಮಾನ್ ಕಾಡಿನ ಆಣೆ

ವೊಡೂ, ಅಂದರೆ ಆಫ್ರಿಕಾ ಮೂಲದ ಹೈಟಿಯ ಧರ್ಮ, ಅಂದ ಕೂಡಲೇ ಮಾಟ-ಮಂತ್ರ, ಸೂಜಿ ಚುಚ್ಚಿದ ಗೊಂಬೆ ಎಂದುಕೊಳ್ಳುವವರು ದಯವಿಟ್ಟು ಕೆರಿಬಿಯನ್ ದೇಶ ಹೈಟಿಯ ಸೆಸಿಲ್ ಫಾತಿಮಾನ್ ಬಗ್ಗೆ ಓದಬೇಕು. ಗುಲಾಮರೇ ಗೆದ್ದು ದೇಶ ಕಟ್ಟಿದ ಕ್ರಾಂತಿಯ ಬುಡದಲ್ಲಿ ಈ ಹೆಣ್ಣುಮಗಳಿದ್ದಾಳೆ.

ಆಗ ಹೈಟಿಯ ಹೆಸರು ಸಾಂ ದೊಮಿಂಗ್, ಅದು ಫ್ರಾನ್ಸಿನ ವಸಾಹತು. ಸುಮಾರು 5 ಲಕ್ಷ ಗುಲಾಮರು, ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕಾದಲ್ಲೇ ಹುಟ್ಟಿದವರು. ಕಾಂಗೋದವರ ಮಾತು ಪಶ್ಚಿಮ ಆಫ್ರಿಕಾದ ಫೋನ್ ಎಂಬ ಜನಾಂಗಕ್ಕೆ ತಿಳಿಯದು, ಫೋನ್ ಜನರದು ಯೊರುಬಾ ಜನಾಂಗಕ್ಕೆ ತಿಳಿಯದು. ಬೇರೆ ಬೇರೆ ಒಡೆಯರ ಗುಲಾಮರು ಒಟ್ಟಿಗೆ ಸೇರುವುದನ್ನು 1685ರ ಕಾನೂನೇ ನಿಷೇಧಿಸಿತ್ತು. ಇಂಥಲ್ಲಿ ದಂಗೆಯ ಗುಟ್ಟನ್ನು ನಂಬಿಕೆಯಿಂದ ಹಂಚಿಕೊಳ್ಳುವುದಾದರೂ ಹೇಗೆ?

1791ರ ಆಗಸ್ಟ್ 14ರ ಭಾನುವಾರ ಉತ್ತರದ ತೋಟಗಳಿಂದ ಸುಮಾರು 200 ಮಂದಿ ಸೇರಿದರು. ಹೆಚ್ಚಿನವರು ಮೇಸ್ತ್ರಿಗಳು, ಗುಲಾಮರಲ್ಲೇ ಒಡೆಯರು ನಂಬಿದ್ದವರು. ದಂಗೆಯ ತೀರ್ಮಾನವೂ ಆಯಿತು. ಆದರೆ ಕೆಲವರು ಅವಸರಪಟ್ಟು ಲಿಂಬೆ ಎಂಬ ಊರಿನ ಶಾಬೋ ತೋಟಕ್ಕೆ ಮೊದಲೇ ಬೆಂಕಿ ಇಟ್ಟು ಸಿಕ್ಕಿಬಿದ್ದರು, ಸಂಚು ಬಾಯಿಬಿಟ್ಟರು. ಒಡೆಯರಲ್ಲಿ ಬಹಳಷ್ಟು ಮಂದಿ ಅದನ್ನು ನಂಬಲಿಲ್ಲ. ಅದೇ ದಂಗೆಯನ್ನು ಉಳಿಸಿತು.

ದಂಗೆಗೆ ಮುನ್ನ ಬ್ವಾ ಕೈಮಾನ್ ಕಾಡಿನಲ್ಲಿ ನಡೆದ ಪೂಜೆಯ ಮಹತ್ವ ಇಲ್ಲಿದೆ. ದಂಗೆಯ ಮುಂದಾಳು ದುಟಿ ಬುಕ್‌ಮನ್ ಜೊತೆ ಅದನ್ನು ನಡೆಸಿದ ಮಾಂಬೋ, ಅಂದರೆ ವೊಡೂ ಪೂಜಾರಿಣಿ, ಫಾತಿಮಾನ್ ಎನ್ನುತ್ತಾರೆ. ಕಪ್ಪು ಹಂದಿಯ ಬಲಿ ಕೊಟ್ಟು, ಅದರ ರಕ್ತ ಕುಡಿದು ಆಣೆ ಮಾಡಿದರು. ರಕ್ಷೆಯೆಂದು ಅದರ ಕೂದಲನ್ನು ಕಿತ್ತು ಇಟ್ಟುಕೊಂಡರು. ಮಾಂಬೋ ಕೆಲಸ ಬಲಿಗೆ ಮುಗಿಯುವುದಿಲ್ಲ. ಅಸೋನ್ ಎಂಬ ಗಿಲಕಿ ಹಿಡಿದು ಮೊದಲು ದಾರಿ ತೆರೆಯುವ ದೈವ ಲೆಗ್ಬಾನನ್ನು ಕರೆಯಬೇಕು, ಜೋಳದ ಹಿಟ್ಟಿನಲ್ಲಿ ನೆಲದ ಮೇಲೆ ವೇವೆ ಎಂಬ ದೈವದ ಚಿಹ್ನೆ ಬರೆಯಬೇಕು, ಯಾವ ಲ್ವಾಗೆ, ಅಂದರೆ ದೈವಕ್ಕೆ, ಯಾವ ಹಾಡು ಎಂದು ಗೊತ್ತಿರಬೇಕು. ಬೇರೆ ಬೇರೆ ನಾಡಿನ ದೈವಗಳಿಗೆ ಒಂದೇ ಪೂಜೆಯಲ್ಲಿ ಜಾಗ ಕೊಡುವವಳು ಅವಳು. ಮಾತು ಬೇರೆಯಾಗಿದ್ದವರನ್ನು ಒಂದು ಆಣೆಗೆ ಕಟ್ಟಿಹಾಕಿದ್ದು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಆಗಸ್ಟ್ 22ರ ರಾತ್ರಿ ತೋಟಗಳಿಗೆ ಬೆಂಕಿ ಬಿತ್ತು.

ಒಂದು ಮಾತು ಮುಚ್ಚಿಡಬಾರದು. ಈ ಪೂಜೆಯ ಬಗ್ಗೆ ಆ ಕಾಲದ ಫ್ರೆಂಚ್ ವೈದ್ಯನ ಬರಹ 1814ರಲ್ಲಿ ಅಚ್ಚಾಯಿತು. ಅದರಲ್ಲಿ ಹಂದಿ ಇದೆ, ಈಕೆಯ ಹೆಸರಿಲ್ಲ. ಹೆಸರು ಈಕೆಯ ಮೊಮ್ಮಗನ ಬಾಯಿಂದ ಬಂದು 1954ರಲ್ಲಿ ಅಚ್ಚಾಯಿತು. ಈಕೆಯ ಗಂಡ ಲೂಯಿ ಪಿಯೆರೋ ಕ್ರಾಂತಿಯಲ್ಲಿ ಹೋರಾಡಿ, 1845ರಲ್ಲಿ ಹೈಟಿಯ ಅಧ್ಯಕ್ಷನೂ ಆದ. ಓದುಬರಹವನ್ನೇ ಕಸಿದುಕೊಂಡಿದ್ದ ಜನರ ನೆನಪನ್ನು ಕಾಗದ ಇಲ್ಲವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

2010ರ ಭೂಕಂಪವಾದಾಗ ಅಮೆರಿಕದ ಟಿವಿ ಪಾದ್ರಿಯೊಬ್ಬರು, ಹೈಟಿಯವರು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ ಫಲ ಇದು ಎಂದರು. ಅವರು ಬೊಟ್ಟು ಮಾಡಿದ್ದು ಈ ಪೂಜೆಯತ್ತಲೇ. ಹೈಟಿಯನ್ನು ಹಿಂಡಿದ ಒಪ್ಪಂದ ಬೇರೆ ಇದೆ: 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಕಳೆದುಕೊಂಡ ತೋಟಕ್ಕೂ ಗುಲಾಮರಿಗೂ ಪರಿಹಾರವೆಂದು 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲಗಳ ಹೊರೆ 20ನೇ ಶತಮಾನದವರೆಗೂ ಹೈಟಿಯ ಬೆನ್ನು ಬಿಡಲಿಲ್ಲ.